ಸಂಗಮ ಬಿಟ್ಟು ಹೊರಟ ಬಸವಣ್ಣ

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ಮುಖ ಮಾಡಿ ಹರಿಯುತ್ತದೆ. ಆ ಹರಿವಿನ ದಂಡೆಯ ಮೇಲೆ ಚಾಲುಕ್ಯರು ಗುಡಿಗಳ ಸಾಲನ್ನೇ ನಿಲ್ಲಿಸಿದರು. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇವುಗಳಲ್ಲಿ ದೊಡ್ಡದು. ದಕ್ಷಿಣದ ಶಿಖರ, ಉತ್ತರದ ಶಿಖರ ಎರಡೂ ಒಂದೇ ಅಂಗಳದಲ್ಲಿ ನಿಂತಿವೆ; ತುಸು ದೂರಕ್ಕೆ ರಾಷ್ಟ್ರಕೂಟರ ಕಾಲದ ಜೈನ ಬಸದಿಯೂ ಇದೆ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಐಹೊಳೆಗೋ ಬಾದಾಮಿಗೋ ಹೊರಟುಬಿಡುತ್ತಾರೆ. ವಿರೂಪಾಕ್ಷನ ಎದುರಿನ ಮಂಟಪದಲ್ಲಿ ಕರಿಯ ನಂದಿ ಕೂತಿದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಅದರ ಮುಖ ಒಂದೇ ದಿಕ್ಕಿಗೆ.

ಇದೇ ಮಲಪ್ರಭೆ ಮುಂದೆ ಹರಿದು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಯೂ ಒಂದು ಹಳೆಯ ಶಿವಾಲಯ, ಅಲ್ಲಿಯೂ ಒಂದು ನಂದಿ. ಆದರೆ ಕನ್ನಡದ ಕವಿ ಹರಿಹರ ಹೇಳುವ ಕತೆಯಲ್ಲಿ ಆ ನಂದಿ ಸುಮ್ಮನೆ ಕೂರಲಿಲ್ಲ, ಬಾಯಿ ತೆರೆಯಿತು. ಅದರ ಬಾಯಿಂದ ಬಂದ ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಬ್ಬ ಯುವಕ ಗುಡಿಯನ್ನು ಬಿಟ್ಟು ಹೊರಟ. ಈ ಹೊರಡುವಿಕೆಯನ್ನು ಕುರಿತೇ ನಾವು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ನಮ್ಮ ವಿಮರ್ಶಕರು ಬಸವಣ್ಣನ ಕಲ್ಯಾಣವನ್ನು ಸಾಕಷ್ಟು ಓದಿದ್ದಾರೆ. ಸಂಗಮವನ್ನು ಅಷ್ಟಾಗಿ ಓದಿಲ್ಲ ಎಂಬುದು ನಮ್ಮ ತಕರಾರು.

ಮುಸ್ಲಿಮರು ನಡೆಸುವ ಪತ್ರಿಕೆಗೆ ಶಿವಶರಣರ ರಗಳೆಯ ಗೊಡವೆ ಏಕೆ ಎಂದು ಕೆಲವು ಓದುಗರು ಕೇಳಬಹುದು. ದಿನಕ್ಕೆ ಐದು ಹೊತ್ತು, ಹದಿನೇಳು ಕಡ್ಡಾಯ ರಕಅತ್‌ಗಳಲ್ಲಿ ಪ್ರತಿಯೊಂದರಲ್ಲೂ ನೇರ ದಾರಿಯನ್ನು ತೋರಿಸೆಂದು ದೇವರನ್ನು ಬೇಡುವವರು ನಾವು. ದಾರಿ ಸಿಕ್ಕಿಬಿಟ್ಟಿದೆ ಎನ್ನುವವನು ಮತ್ತೆ ಮತ್ತೆ ಹಾಗೆ ಬೇಡುವುದಿಲ್ಲ. ಬೇಡಿದ್ದು ಬಂದಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಹರಿಹರನಷ್ಟು ನಿಷ್ಠುರವಾಗಿ ಕನ್ನಡದಲ್ಲಿ ಬರೆದವರು ಕಡಿಮೆ. ಅದಕ್ಕಾಗಿ ಈ ಗೊಡವೆ.

ಮೊದಲು ಮನೆ ಬಿಟ್ಟ ಕತೆ. ಬಸವಣ್ಣನ ಜೀವನ ಕುರಿತು ನಮಗೆಲ್ಲ ಗೊತ್ತಿರುವ ಚಿತ್ರವೆಂದರೆ ಎಂಟು ವರ್ಷದ ಹುಡುಗ ಉಪನಯನ ಬೇಡವೆಂದು ತಂದೆಗೆ ಎದುರು ನಿಂತದ್ದು. ಇದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ ಬಂದದ್ದು. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಅಲ್ಲಿಂದ ಪುರಾಣ ಪ್ರವಚನಗಳಿಗೆ, ಬಯಲಾಟಕ್ಕೆ, ಕ್ಯಾಲೆಂಡರಿಗೆ, ಸಿನಿಮಾಕ್ಕೆ ಬಂದಿತು. ಹುಡುಗ ಹುಟ್ಟುವಾಗಲೇ ಎಲ್ಲ ತಿಳಿದವನು. ಶಿವನೇ ತನ್ನ ಗುರು, ಬೇರೆ ಸಂಸ್ಕಾರ ತನಗೆ ಬೇಕಿಲ್ಲ ಎಂದು ಹಿರಿಯರ ಬಾಯಿ ಮುಚ್ಚಿಸುತ್ತಾನೆ. ದಾರ ಅವನ ಮೈಗೆ ಸೋಕುವುದೇ ಇಲ್ಲ.

ಇದಕ್ಕಿಂತ ಹಳೆಯದಾದ ಹರಿಹರನ ಬಸವರಾಜದೇವರ ರಗಳೆಯಲ್ಲಿ ಕತೆ ಬೇರೆ. ಬಾಗೇವಾಡಿಯ ಹುಡುಗನಿಗೆ ಉಪನಯನ ಆಗಿಯೇ ಆಗುತ್ತದೆ. ತಂದೆತಾಯಿ ತೀರಿಹೋಗುತ್ತಾರೆ, ಅಜ್ಜಿಯ ಆಸರೆಯಲ್ಲಿ ಬೆಳೆಯುತ್ತಾನೆ. ಜನಿವಾರ ಹಾಕಿಕೊಂಡೇ ವರ್ಷಗಟ್ಟಲೆ ಬಾಳುತ್ತಾನೆ, ಶಿವನನ್ನು ಪೂಜಿಸುತ್ತಲೂ ಇರುತ್ತಾನೆ. ಹದಿನಾರರ ಆಸುಪಾಸಿನಲ್ಲಿ ಅವನಿಗೆ ಅನ್ನಿಸತೊಡಗುತ್ತದೆ, ಈ ಕರ್ಮಕ್ಕೂ ಈ ಭಕ್ತಿಗೂ ಕೂಡಿಬರುವುದಿಲ್ಲ ಎಂದು. ಆಗ ದಾರವನ್ನು ಹರಿಯುತ್ತಾನೆ; ಮನೆ, ಆಸ್ತಿ, ಬಂಧುಬಳಗ ಬಿಟ್ಟು ಸಂಗಮದ ದಾರಿ ಹಿಡಿಯುತ್ತಾನೆ.

ಎರಡೂ ಕತೆಗಳು ಒಂದೇ ಕಡೆ ಮುಟ್ಟುತ್ತವೆ ಎಂದು ತೋರಬಹುದು. ಹಾಗಲ್ಲ. ಎಂದೂ ತೊಡದ ದಾರವನ್ನು ನಿರಾಕರಿಸುವುದು ಒಂದು, ವರ್ಷಗಟ್ಟಲೆ ಮೈಗೆ ಅಂಟಿದ್ದನ್ನು ಹರಿಯುವುದು ಇನ್ನೊಂದು. ಭೀಮಕವಿಯ ಬಸವ ಬದಲಾಗುವುದಿಲ್ಲ, ಬದಲಾಗಬೇಕಾದವರು ಸುತ್ತಲಿನವರು. ಹರಿಹರನ ಬಸವನಾದರೋ ನಿನ್ನೆ ಒಂದಾಗಿದ್ದು ಇಂದು ಇನ್ನೊಂದಾಗುತ್ತಾನೆ. ಹರಿಹರನಲ್ಲೂ ಬಸವಣ್ಣ ಕೈಲಾಸದಿಂದ ಇಳಿದುಬಂದವನೇ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಭೂಮಿಗೆ ಬಂದ ಮೇಲೆ ಅವನು ಮನುಷ್ಯರಂತೆ ತಡವರಿಸಿ ತಿಳಿಯುತ್ತಾನೆ. ಪರಂಪರೆ ಆರಿಸಿಕೊಂಡದ್ದು ಮಾತ್ರ ತಡವರಿಸದ ಹುಡುಗನನ್ನು. ನಮಗೆ ಬದಲಾದ ಸಂತರಿಗಿಂತ ಬದಲಾಗಬೇಕಾದ ಅಗತ್ಯವೇ ಬೀಳದ ಸಂತರು ಇಷ್ಟ. ಅವರನ್ನು ಪೂಜಿಸಬಹುದು. ಅನುಸರಿಸುವ ತಾಪತ್ರಯ ಇರುವುದಿಲ್ಲ.

ಈ ಇಷ್ಟ ಲಿಂಗಾಯತರದು ಮಾತ್ರವಲ್ಲ. ಕುರ್‌ಆನಿನ ಅಲ್ ಅನ್ಆಮ್ ಅಧ್ಯಾಯದಲ್ಲಿ ಪ್ರವಾದಿ ಇಬ್ರಾಹೀಮರ ಒಂದು ಪ್ರಸಂಗ ಬರುತ್ತದೆ. ಅವರು ಇರುಳಿನಲ್ಲಿ ನಕ್ಷತ್ರವನ್ನು ಕಂಡು ಇದೇ ತನ್ನ ದೇವರೆನ್ನುತ್ತಾರೆ, ಅದು ಮುಳುಗುತ್ತದೆ. ಚಂದ್ರನನ್ನು ಕಂಡು ಹಾಗೆಯೇ ಎನ್ನುತ್ತಾರೆ, ಅದೂ ಮುಳುಗುತ್ತದೆ. ಸೂರ್ಯನೂ ಮುಳುಗಿದ ಮೇಲೆ, ಇವೆಲ್ಲವನ್ನೂ ಉಂಟುಮಾಡಿದವನ ಕಡೆಗೆ ಮುಖ ತಿರುಗಿಸುತ್ತಾರೆ. ತಫ್ಸೀರ್ ಬರೆದ ವಿದ್ವಾಂಸರಿಗೆ ಈ ಪ್ರಸಂಗ ತೊಡಕಾಯಿತು. ಪ್ರವಾದಿಯೊಬ್ಬರು ಒಂದು ಗಳಿಗೆಯಾದರೂ ನಕ್ಷತ್ರವನ್ನು ದೇವರೆಂದುಕೊಂಡಿರಲು ಸಾಧ್ಯವೆ? ಅವರು ನಿಜವಾಗಿಯೂ ಹುಡುಕುತ್ತಿದ್ದರು ಎಂಬ ಓದಿನ ಕಡೆ ತಬರಿ ವಾಲಿದರು. ಅದು ಹುಡುಕಾಟವಲ್ಲ, ತನ್ನ ಜನರ ತಪ್ಪನ್ನು ತೋರಿಸಲು ಹೂಡಿದ ವಾದ ಎಂದು ಕೆಲವು ಶತಮಾನಗಳ ನಂತರ ಇಬ್ನ್ ಕಸೀರ್ ಬರೆದರು. ಜನಪ್ರಿಯವಾದದ್ದು ಎರಡನೆಯ ಓದು. ಅದರ ಹಿಂದಿನ ಗೌರವ ನಮಗೆ ಅರ್ಥವಾಗುತ್ತದೆ; ಪ್ರವಾದಿಗಳ ಮೇಲೆ ಶಿರ್ಕಿನ ನೆರಳೂ ಬೀಳಬಾರದೆಂಬ ಕಾಳಜಿ ಅದು. ಆದರೆ ಹಾಗೆ ಓದಿದಾಗ ಆ ಇರುಳು ತನ್ನ ಕತ್ತಲನ್ನು ಕಳೆದುಕೊಳ್ಳುತ್ತದೆ. ಇಬ್ರಾಹೀಮರೂ ಭೀಮಕವಿಯ ಬಸವನಂತೆ ಮೊದಲೇ ಉತ್ತರ ತಿಳಿದ ಹುಡುಗರಾಗಿಬಿಡುತ್ತಾರೆ. ದೇವರ ದಾರಿ ಮುಳುಗುವುದನ್ನು ಬಿಡುತ್ತಾ ಬಿಡುತ್ತಾ ಸಿಗುತ್ತದೆ ಎಂಬ ಮಾತು ಅಲ್ಲಿ ಉಳಿಯುವುದಿಲ್ಲ.

ಇನ್ನು ಹರಿಹರ ಹೇಳುವ ಎರಡನೆಯ ಅಗಲಿಕೆಗೆ ಬರೋಣ. ನಮ್ಮ ಕಣ್ಣಿಗೆ ಇದೇ ಮುಖ್ಯ.

ಸಂಗಮಕ್ಕೆ ಬಂದ ಯುವಕನನ್ನು ಅಲ್ಲಿನ ಸ್ಥಾನಪತಿ ಈಶಾನ್ಯ ಗುರು ಸೇರಿಸಿಕೊಳ್ಳುತ್ತಾರೆ. ಬೆಳಗಾದರೆ ಹೂ ತರುವುದು, ಹೊಳೆಯ ನೀರು ತರುವುದು, ಸಂಗಮನಾಥನಿಗೆ ಪೂಜೆ ಮಾಡುವುದು. ಹರಿಹರ ಈ ಪೂಜೆಯನ್ನು ಬಣ್ಣಿಸುವಾಗ ಅವನ ಲೇಖನಿ ನಿಲ್ಲುವುದೇ ಇಲ್ಲ. ಹೂವಿನ ಮೇಲಿನ ಅವನ ಮೋಹ ಓದುಗನಿಗೆ ಕೆಲವೊಮ್ಮೆ ಬೇಸರವನ್ನೇ ತರಿಸುತ್ತದೆ. ಆದರೆ ಆ ಬಣ್ಣನೆಗೆ ಕೆಲಸವಿದೆ. ಯುವಕ ಎಷ್ಟು ನೆಮ್ಮದಿಯಾಗಿದ್ದಾನೆ ಎಂಬುದು ನಮಗೆ ಗೊತ್ತಾಗಬೇಕು. ಬಿಟ್ಟು ಬಂದದ್ದೆಲ್ಲಕ್ಕೂ ಬದಲಾಗಿ ಇದು ಸಿಕ್ಕಿದೆ. ಇನ್ನು ಬದಲಾಗುವುದು ಏನಿದೆ?

ಆಗ ಕನಸಿನಲ್ಲಿ ಸಂಗಮನಾಥ ಬಂದು ಹೇಳುತ್ತಾನೆ: ಇಲ್ಲಿಂದ ಹೊರಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗು. ಬಸವಣ್ಣನ ಪ್ರತಿಕ್ರಿಯೆ ನೋಡಬೇಕು. ಅಪ್ಪಣೆ ಎಂದು ಕೈಮುಗಿದು ಎದ್ದು ಹೊರಡುವುದಿಲ್ಲ. ಅಳುತ್ತಾನೆ, ಹಲುಬುತ್ತಾನೆ, ತನ್ನನ್ನು ದೂರ ಮಾಡುತ್ತಿರುವ ದೇವರನ್ನೇ ದೂರುತ್ತಾನೆ. ಮತ್ತೆ ಕನಸು ಬೀಳುತ್ತದೆ. ನಿನ್ನನ್ನು ಒಬ್ಬನನ್ನೇ ಕಳಿಸುವುದಿಲ್ಲ, ನಾಳೆ ನಂದಿಯ ಬಾಯಿಂದ ನಾನೇ ನಿನ್ನ ಕೈಗೆ ಬರುತ್ತೇನೆ ಎಂದು ದೇವರು ಸಮಾಧಾನ ಹೇಳಬೇಕಾಗುತ್ತದೆ. ಮರುದಿನ ಲಿಂಗ ಅಂಗೈಗೆ ಬರುತ್ತದೆ. ಗುಡಿಯಲ್ಲಿ ಸ್ಥಾವರವಾಗಿದ್ದ ದೇವರು ಹೀಗೆ ನಡೆದಾಡುವವನ ಜೊತೆ ಹೊರಡುತ್ತಾನೆ. ಹೊರಟ ಬಸವಣ್ಣ ಮಂಗಳವಾಡದಲ್ಲಿ ಮಾಡುವುದೇನು? ಭಂಡಾರದಲ್ಲಿ ಲೆಕ್ಕ ಬರೆಯುವ ಕರಣಿಕನ ಕೆಲಸ. ಹೂ ಕೀಳುತ್ತಿದ್ದ ಕೈಗೆ ಜಮಾಖರ್ಚಿನ ಕಡತ. ಹರಿಹರ ತಾನೂ ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆದು, ಬಿಟ್ಟು ಹಂಪಿಯ ವಿರೂಪಾಕ್ಷನ ಬಳಿ ಬಂದವನೆಂದು ಐತಿಹ್ಯವಿದೆ. ಅದು ನಿಜವಾಗಿದ್ದರೆ, ತಾನು ನಡೆದದ್ದಕ್ಕೆ ತೀರ ವಿರುದ್ಧವಾದ ದಾರಿಯನ್ನು ಅವನು ತನ್ನ ನಾಯಕನಿಗೆ ಕೊಟ್ಟಿದ್ದಾನೆ. ದೇವರ ದಾರಿ ಒಬ್ಬನನ್ನು ಕಚೇರಿಯಿಂದ ಗುಡಿಗೆ ಕರೆಯಬಹುದು, ಇನ್ನೊಬ್ಬನನ್ನು ಗುಡಿಯಿಂದ ಕಚೇರಿಗೆ ಕಳಿಸಬಹುದು.

ಆಧುನಿಕ ಕನ್ನಡ ಈ ಭಾಗವನ್ನು ಹೆಚ್ಚುಕಡಿಮೆ ಬಿಟ್ಟುಬಿಟ್ಟಿತು. ಲಂಕೇಶರ 'ಸಂಕ್ರಾಂತಿ' (1971), ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' (1986), ಗಿರೀಶ ಕಾರ್ನಾಡರ 'ತಲೆದಂಡ' (1990) ಮೂರೂ ದೊಡ್ಡ ನಾಟಕಗಳು. ಮೂರಕ್ಕೂ ಬೇಕಾದದ್ದು ಕಲ್ಯಾಣದ ಬಿಕ್ಕಟ್ಟು. ಜಾತಿ, ಅಧಿಕಾರ, ಅಂತರ್ಜಾತಿ ಮದುವೆ, ಕೊನೆಯ ರಕ್ತಪಾತ ಇವುಗಳನ್ನು ನಮ್ಮ ಕಾಲದ ಕಣ್ಣಿನಿಂದ ನೋಡಿದ್ದಕ್ಕೆ ಕನ್ನಡಿಗರು ಋಣಿಗಳಾಗಿರಬೇಕು. 'ತಲೆದಂಡ'ದ ಬಸವಣ್ಣ ತನ್ನ ಹೆಸರಿನಲ್ಲಿ ಹಬ್ಬುವ ಪವಾಡದ ವದಂತಿಗೆ ಕಸಿವಿಸಿಗೊಳ್ಳುವ ಮನುಷ್ಯ. ಅದು ನಮಗೂ ಹಿಡಿಸುತ್ತದೆ. ಆದರೆ ಪವಾಡವನ್ನು ಹೊರಗೆ ಹಾಕುವ ಭರದಲ್ಲಿ ಅಪ್ಪಣೆಯೂ ಹೊರಗೆ ಹೋಯಿತು. ಬಸವಣ್ಣ ಒಂದು ವಿಚಾರವನ್ನು ನಂಬಿ ಕೆಲಸಕ್ಕಿಳಿದ ಸುಧಾರಕನಾಗಿ ಉಳಿದ. ತನಗೆ ಬೇಡದಿದ್ದ ದಾರಿಯೊಂದು ತನ್ನನ್ನು ಎಳೆದುಕೊಂಡು ಹೋಯಿತು ಎಂದು ಅಳುವ ಭಕ್ತ ಎಲ್ಲೋ ಹಿಂದುಳಿದ. ಸುಧಾರಕ ಇತರರನ್ನು ಬದಲಿಸುತ್ತಾನೆ. ಹರಿಹರನ ಬಸವಣ್ಣ ಅದಕ್ಕೆ ಮೊದಲು ಎರಡು ಸಲ ತಾನೇ ಬದಲಾಗಿದ್ದಾನೆ, ಎರಡನೆಯ ಸಲ ಮನಸ್ಸಿಲ್ಲದೆ.

ಹಾಗಾದರೆ ಮನಸ್ಸಿಗೆ ವಿರುದ್ಧವಾಗಿ ಬಂದದ್ದೆಲ್ಲ ದೇವರ ಅಪ್ಪಣೆಯೆ? ಅಷ್ಟು ಸುಲಭದ ಅಳತೆಗೋಲು ಸಿಕ್ಕಿದ್ದರೆ ಚೆನ್ನಾಗಿತ್ತು. ಪ್ರವಾದಿ ಮುಹಮ್ಮದರು(ಸ) ಹಿರಾ ಗುಹೆಯಿಂದ ನಡುಗುತ್ತಾ ಮನೆಗೆ ಬಂದರು, ಖದೀಜಾ ಅವರು ಹೊದಿಕೆ ಹೊದಿಸಿ ಧೈರ್ಯ ಹೇಳಿದರು. ಅಲ್ಲಿ ಅಪ್ಪಣೆ ಅಂಜಿಕೆಯ ಜೊತೆ ಬಂತು. ಆದರೆ ಕಿಬ್ಲಾದ ಪ್ರಸಂಗವೇ ಬೇರೆ. ಮದೀನಕ್ಕೆ ಬಂದ ಮೇಲೆ ಹದಿನಾರು ಹದಿನೇಳು ತಿಂಗಳು ಮುಸ್ಲಿಮರು ಜೆರೂಸಲೇಮಿನ ಕಡೆ ಮುಖ ಮಾಡಿ ನಮಾಜು ಮಾಡಿದರು. ಕಾಬಾದ ಕಡೆಗೆ ತಿರುಗಬೇಕೆಂಬ ಆಸೆ ಪ್ರವಾದಿಯವರ ಮನಸ್ಸಿನಲ್ಲಿಯೇ ಇತ್ತು. ಆಸೆ ಇದೆಯೆಂದು ಅವರು ತಿರುಗಲಿಲ್ಲ. ಅಪ್ಪಣೆಗಾಗಿ ಆಕಾಶದ ಕಡೆ ನೋಡುತ್ತಾ ಕಾದರು. ಅಪ್ಪಣೆ ಬಂದ ಮೇಲೆ ಒಂದು ದಿನವೂ ತಡಮಾಡಲಿಲ್ಲ. ಕುಬಾದಲ್ಲಿ ಬೆಳಗಿನ ನಮಾಜಿನಲ್ಲಿ ನಿಂತಿದ್ದವರಿಗೆ ಒಬ್ಬರು ಬಂದು ಸುದ್ದಿ ಹೇಳಿದಾಗ ಅವರು ನಮಾಜಿನ ನಡುವೆಯೇ ಕಾಬಾದ ಕಡೆ ತಿರುಗಿದರು. ಮದೀನದಿಂದ ಜೆರೂಸಲೇಮು ಉತ್ತರಕ್ಕೆ, ಮಕ್ಕಾ ದಕ್ಷಿಣಕ್ಕೆ. ಎದುರಿಗಿದ್ದದ್ದು ಬೆನ್ನಿಗೆ ಬಂತು. ನಿನ್ನೆಯವರೆಗೆ ಮಾಡಿದ ನಮಾಜು ವ್ಯರ್ಥವಾಯಿತೇ ಎಂಬ ಆತಂಕ ಕೆಲವರಲ್ಲಿ ಹುಟ್ಟಿತು. ನಿಮ್ಮ ವಿಶ್ವಾಸ ವ್ಯರ್ಥವಾಗುವುದಿಲ್ಲವೆಂಬ ಸಾಂತ್ವನವೂ ದೇವರಿಂದಲೇ ಬಂತು. ಸಂಗಮನಾಥನ ಎರಡನೆಯ ಕನಸು ನೆನಪಾಗುತ್ತದೆ. ನಾವು ಈ ಎರಡು ಧರ್ಮಗಳನ್ನು ಕಲಸಿ ಒಂದು ಮಾಡಲು ಹೊರಟಿಲ್ಲ, ತೌಹೀದಿಗೂ ಲಿಂಗನಿಷ್ಠೆಗೂ ಇರುವ ವ್ಯತ್ಯಾಸ ನಮಗೆ ಗೊತ್ತು. ಬದಲಾವಣೆಯ ಹೊತ್ತಿನಲ್ಲಿ ವಿಶ್ವಾಸಿಯ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂಬ ಒಂದು ವಿಷಯದಲ್ಲಿ ಮಾತ್ರ ಇವು ಹತ್ತಿರ ಬರುತ್ತವೆ.

ಇಂದು ನಮ್ಮಲ್ಲಿ ಕಾಯುವುದೂ ಕಡಿಮೆ, ತಿರುಗುವುದೂ ಕಡಿಮೆ. ಇಸ್ತಿಖಾರಾದ ಉದಾಹರಣೆ ತೆಗೆದುಕೊಳ್ಳಿ. ಒಂದು ಕೆಲಸ ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದ್ದಾದರೆ ಅದನ್ನು ನನ್ನಿಂದಲೂ ನನ್ನನ್ನು ಅದರಿಂದಲೂ ದೂರ ಮಾಡು ಎಂದು ಕೇಳುವ ಪ್ರಾರ್ಥನೆ ಅದು. ಪ್ರವಾದಿಯವರು ಕಲಿಸಿದ ಆ ಮಾತುಗಳಲ್ಲಿ ಕನಸಿನ ಸೊಲ್ಲೇ ಇಲ್ಲ. ನಮ್ಮ ಊರುಗಳಲ್ಲಿ ಅದು ಶಕುನ ಕೇಳುವ ಹಾಗೆ ಆಗಿಬಿಟ್ಟಿದೆ. ಮಗಳ ಸಂಬಂಧ ಮೊದಲೇ ನಿಶ್ಚಯ ಮಾಡಿ, ಆಮೇಲೆ ಮೌಲವಿ ಸಾಹೇಬರಿಗೆ ನೀವೇ ಇಸ್ತಿಖಾರಾ ಮಾಡಿ ಕನಸಲ್ಲಿ ಏನು ಕಂಡಿತು ಹೇಳಿ ಎನ್ನುವವರಿದ್ದಾರೆ. ಬೇಡ ಎಂಬ ಉತ್ತರ ಬಂದರೆ ಇನ್ನೊಬ್ಬ ಮೌಲವಿಯನ್ನು ಹುಡುಕುತ್ತಾರೆ. ಇದು ದಾರಿ ಕೇಳುವುದಲ್ಲ, ರುಜು ಹಾಕಿಸಿಕೊಳ್ಳುವುದು.

ವ್ಯಕ್ತಿಗಳ ವಿಷಯ ಹೀಗಾದರೆ ಜಮಾಅತ್‌ಗಳ ವಿಷಯ ಇನ್ನೂ ಕಷ್ಟ. ಮದೀನದ ಮಸೀದಿಯಲ್ಲಿ ಪ್ರವಾದಿಯವರ ಹಿಂದೆ ಹೆಂಗಸರೂ ನಮಾಜು ಮಾಡುತ್ತಿದ್ದರು ಎಂಬುದು ಎಲ್ಲ ಉಲೇಮಾಗಳಿಗೂ ಗೊತ್ತಿರುವ ಸಂಗತಿ. ಆದರೆ ಹಾಸನದ ಬಾನು ಮುಷ್ತಾಕ್ ಅವರು ಮುಸ್ಲಿಂ ಹೆಣ್ಣುಮಕ್ಕಳಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಹೇಳಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಇಪ್ಪತ್ತೈದು ವರ್ಷಗಳ ನಂತರ, 2025ರಲ್ಲಿ, ದೀಪಾ ಭಾಸ್ತಿ ಅನುವಾದಿಸಿದ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಅಭಿನಂದಿಸಿದರು. ಅಭಿನಂದನೆ ಸುಲಭ. ಗಂಡನಿಂದ ದೂರವಾದ ತಾಯಿಯೊಬ್ಬಳು ನ್ಯಾಯ ಕೇಳಿ ಮಸೀದಿಯ ಅಂಗಳಕ್ಕೆ ಬಂದು ಕೂರುವ ಅವರ 'ಕರಿ ನಾಗರಗಳು' ಕತೆಯನ್ನು (ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಸಿನಿಮಾ ಮಾಡಿದ್ದು ಇದನ್ನೇ ಆಧರಿಸಿ) ಮುತವಲ್ಲಿಗಳ ಸಭೆಯಲ್ಲಿ ಒಮ್ಮೆ ಓದಿ ಚರ್ಚಿಸಿದ್ದರೆ ಅದು ಬೇರೆ ಮಾತು. ಆ ಕತೆ ಹೊಸ ಧರ್ಮವನ್ನೇನೂ ಕೇಳುವುದಿಲ್ಲ. ಇರುವ ಧರ್ಮ ಹೆಣ್ಣಿಗೆ ಕೊಟ್ಟದ್ದನ್ನು ಕೇಳುತ್ತದೆ. ಧರ್ಮ ಬದಲಾವಣೆಯನ್ನು ಬೇಡುವಾಗ ಬಹಳ ಸಲ ಅದು ಮರೆತ ಹಳೆಯ ಮಾತಿನ ರೂಪದಲ್ಲೇ ಬರುತ್ತದೆ.

ಮಲಪ್ರಭೆಯ ಸೀಮೆಗೇ ಮರಳೋಣ. ಇಳಕಲ್ಲಿನ ವಿಜಯಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಿಂದ 'ಮಹಾಂತ ಜೋಳಿಗೆ' ಹಿಡಿದು ಊರೂರು ತಿರುಗಿದರು. ಜೋಳಿಗೆಗೆ ಅವರು ಕೇಳಿದ್ದು ಕಾಳುಕಡಿ ಕಾಣಿಕೆಯಲ್ಲ. ನಿಮ್ಮ ಕುಡಿತ, ನಿಮ್ಮ ತಂಬಾಕು ಹಾಕಿ ಎಂದರು. ಮಠಗಳ ಹಳೆಯ ಸಂಸ್ಥೆಯೊಂದನ್ನು ಅವರು ತಿರುವಿ ಹಾಕಿದ ರೀತಿ ನಮಗೆ ಬಹಳ ಇಷ್ಟ. ಜೋಳಿಗೆ ಅದೇ, ತುಂಬುವುದು ಬೇರೆ. ಅವರು 2018ರಲ್ಲಿ ತೀರಿಕೊಂಡರು.

ಇದೇ ಸೀಮೆಯ ಇನ್ನೊಂದು ಸಂಗತಿ ಹೆಚ್ಚು ಮುಜುಗರದ್ದು. ಬಾದಾಮಿಗೆ ಹೊಂದಿಕೊಂಡ ರೋಣ ತಾಲ್ಲೂಕಿನ ಅಸೂಟಿಯಲ್ಲಿ 2020ರ ಫೆಬ್ರವರಿಯಲ್ಲಿ ಮುಲ್ಲಾ ಮನೆತನದ ಮುಸ್ಲಿಂ ಯುವಕರೊಬ್ಬರು ಬಸವತತ್ತ್ವದ ಮಠವೊಂದರ ಸ್ವಾಮಿಯಾದರು. ದೇಶದ ಪತ್ರಿಕೆಗಳೆಲ್ಲ ಬರೆದವು. ಒಂದು ಕಡೆಯವರು ಇದನ್ನು ತಮ್ಮ ಗೆಲುವೆಂದು ಕೊಂಡಾಡಿದರು, ಇನ್ನೊಂದು ಕಡೆಯವರು ಒಬ್ಬ ಕಡಿಮೆಯಾದನೆಂದು ಹಳಹಳಿಸಿದರು. ಜನಗಣತಿಯವರ ಹಾಗೆ ಎರಡೂ ಕಡೆ ತಲೆ ಎಣಿಕೆ. ನಾವು ಅವರ ಆಯ್ಕೆಯನ್ನು ಒಪ್ಪುತ್ತೇವೋ ಇಲ್ಲವೋ, ಅದು ಬೇರೆ ಪ್ರಶ್ನೆ; ಒಪ್ಪದ ಮುಸ್ಲಿಮರೇ ಹೆಚ್ಚು ಇದ್ದಾರು. ಆದರೆ ಒಬ್ಬ ಮನುಷ್ಯ ತನ್ನ ಮನೆಯ ದಾರಿಯಿಂದ ಬೇರೆ ದಾರಿಗೆ ಹೊರಳುವಾಗ ಏನನ್ನು ಕೇಳಿಸಿಕೊಂಡ ಎಂದು ಕೇಳುವ ಕುತೂಹಲ ಯಾರಿಗೂ ಇರಲಿಲ್ಲ. ಬಸವಣ್ಣ ದಾರ ಹರಿದಾಗ ಬಾಗೇವಾಡಿಯ ಅಗ್ರಹಾರದವರೂ ಎಣಿಕೆಯನ್ನೇ ಮಾಡಿದ್ದರು ಅನ್ನಿಸುತ್ತದೆ.

ಎಲ್ಲ ಬದಲಾವಣೆಗೂ ದೇವರ ಹೆಸರು ಸಲ್ಲುವುದಿಲ್ಲ ಎಂಬುದಕ್ಕೂ ಕೂಡಲಸಂಗಮವೇ ಸಾಕ್ಷಿ. ಅಲ್ಲಿನ ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು ಬಸವಣ್ಣನ ವಚನಗಳನ್ನು ಅಚ್ಚು ಮಾಡುವಾಗ 'ಕೂಡಲಸಂಗಮದೇವ' ಎಂಬ ಅಂಕಿತವನ್ನು ತೆಗೆದು 'ಲಿಂಗದೇವ' ಎಂದು ಹಾಕಿದರು. 1998ರಲ್ಲಿ ಸರ್ಕಾರ ಆ 'ಬಸವ ವಚನ ದೀಪ್ತಿ'ಯನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಪೊಲೀಸರ ಕೈಗೆ ಕೊಡುವುದು ನಮಗೆ ಸರಿಕಾಣುವುದಿಲ್ಲ, ತಪ್ಪು ಪಾಠವನ್ನು ಸರಿಯಾದ ಪಾಠದಿಂದಲೇ ಎದುರಿಸಬೇಕು. ಆದರೆ ಅವರ ತಿದ್ದುಪಡಿಯೂ ನಮಗೆ ಒಪ್ಪಿಗೆಯಿಲ್ಲ. ಊರ ಗುಡಿಯ ದೇವರ ಹೆಸರು ಸ್ಥಾವರದ ಗುರುತಾಗಿ ಉಳಿಯಬಾರದು ಎಂಬುದು ಅವರ ಹಟವಾಗಿದ್ದರೆ, ಹರಿಹರ ಅದಕ್ಕೆ ಮೊದಲೇ ಉತ್ತರ ಕೊಟ್ಟಿದ್ದಾನೆ. ಗುಡಿಯನ್ನು ಬಿಟ್ಟವನು ಗುಡಿಯ ಹೆಸರನ್ನು ಜೊತೆಗೇ ಒಯ್ದ. ಬಿಟ್ಟುಬಂದದ್ದನ್ನು ಪ್ರತಿ ವಚನದ ಕೊನೆಗೂ ನೆನೆದ. ಆ ಹೆಸರನ್ನು ತೆಗೆದರೆ ಅಗಲಿಕೆಯ ನೋವೇ ಹೋಗುತ್ತದೆ.

ಹರಿಹರನನ್ನು ಇಷ್ಟು ಹೊಗಳಿದ ಮೇಲೆ ಅವನ ಕೊರತೆಯನ್ನೂ ಹೇಳಬೇಕು. ಬಸವಣ್ಣನ ಎದೆಯ ಹೊಯ್ದಾಟವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಕವಿಗೆ ಜೈನರ ಎದೆ ಕಾಣಲಿಲ್ಲ. ಆದಯ್ಯನ ರಗಳೆಯಲ್ಲಿ ಪುಲಿಗೆರೆಯ ಬಸದಿಯೊಳಗೆ ಸೋಮನಾಥನನ್ನು ನಿಲ್ಲಿಸುವುದು ಭಕ್ತಿಯ ವಿಜಯ. ಏಕಾಂತದ ರಾಮಯ್ಯನ ರಗಳೆಯಲ್ಲಿ ಅಬ್ಬಲೂರಿನ ಜೈನರು ಸೋಲಬೇಕಾದ ಪ್ರತಿಪಕ್ಷ ಮಾತ್ರ. ಅಲ್ಲಿ ಬದಲಾವಣೆ ಒಳಗಿನಿಂದ ಬರುವುದಿಲ್ಲ, ಹೊರಗಿನಿಂದ ಹೇರಲಾಗುತ್ತದೆ, ಯಾರೂ ಅಳುವುದೂ ಇಲ್ಲ. ಅತ್ತರೂ ಕವಿ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಪಟ್ಟದಕಲ್ಲಿನಲ್ಲಿ ಗುಡಿಯೂ ಬಸದಿಯೂ ಒಂದೇ ಊರಲ್ಲಿ ಉಳಿದುಕೊಂಡವು ಎಂಬುದನ್ನು ನೆನೆದರೆ ಈ ರಗಳೆಗಳು ಇನ್ನಷ್ಟು ಇಕ್ಕಟ್ಟಾಗಿ ಕಾಣುತ್ತವೆ.

ನಾರಾಯಣಪುರದ ಜಲಾಶಯ ಆದ ಮೇಲೆ ಸಂಗಮದ ಚಹರೆಯೇ ಬದಲಾಯಿತು. ಬಸವಣ್ಣನ ಐಕ್ಯಸ್ಥಳವೆಂದು ಜನ ನಂಬುವ ಜಾಗ ಹಿನ್ನೀರಿನ ನಡುವೆ ಸಿಕ್ಕಿತು. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಉಳಿಸಿದ್ದಾರೆ, ಮೆಟ್ಟಿಲಿಳಿದು ಹೋಗಿ ನೋಡಬೇಕು. ಕಲ್ಯಾಣ ಒಡೆದ ಮೇಲೆ ಅವನು ಇಲ್ಲಿಗೇ ಮರಳಿ ಬಂದನೆಂದು ಪರಂಪರೆ ಹೇಳುತ್ತದೆ. ಯಾವ ಗುಡಿಯಿಂದ ಅಳುತ್ತಾ ಹೊರಟಿದ್ದನೋ ಅದೇ ಗುಡಿಗೆ ಬಂದವನನ್ನು ಹರಿಹರ ಹೇಗೆ ಬರಮಾಡಿಕೊಳ್ಳುತ್ತಿದ್ದ ಎಂದು ತಿಳಿಯುವ ಆಸೆ ನಮಗೆ. ಆದರೆ ಬಸವರಾಜದೇವರ ರಗಳೆಯಲ್ಲಿ ನಮಗೆ ಸಿಕ್ಕಿರುವುದು ಹದಿಮೂರು ಸ್ಥಲಗಳು ಮಾತ್ರ. ಆ ಹದಿಮೂರರಲ್ಲಿ ಮರಳಿ ಬಂದ ಕತೆ ಇಲ್ಲ.